ಇಳಿಯದ ಗೆರೆ

"ಇನ್ನೊಂದ್ಸಲ ತೋರ್ಸು," ಎಂದರು ಯಶೋಧರಾ.

ಇಂಪನಾ ಪರದೆಯ ಮೇಲಿನ ನಕ್ಷೆಯನ್ನು ಮತ್ತೆ ಹಿಗ್ಗಿಸಿದಳು. ನೀಲಿ ಗೆರೆಯೊಂದು ಎಡಗಡೆಯಿಂದ ಸಮತಟ್ಟಾಗಿ ಬಂದು, ಹಳ್ಳಕ್ಕೆ ಇಳಿದು, ದಿಣ್ಣೆ ಹತ್ತಿ, ಇನ್ನೊಂದು ಹಳ್ಳಕ್ಕೆ ಇಳಿದು, ಬಲಗಡೆ ತನ್ನ ಮೊದಲಿನ ಎತ್ತರಕ್ಕೇ ಬಂದು ನಿಂತಿತ್ತು. ಎರಡು ಹಳ್ಳಗಳದ್ದೂ ಒಂದೇ ಆಳ. ಒಂದನ್ನು ಮಡಚಿ ಇನ್ನೊಂದರ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಬರುವಂತಿರಲಿಲ್ಲ.

"ಟೆಂಪರೇಚರ್ ಅರ್ಧಕ್ಕಿಂತ ಕೆಳಗೆ ಹೋಗಿದೆ ಮೇಡಂ," ಎಂದಳು ಇಂಪನಾ. ದನಿಯಲ್ಲಿನ ಹಿಗ್ಗನ್ನು ತಡೆಯಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. "ನಾವು ಲೆಕ್ಕ ಹಾಕಿದ್ದಕ್ಕಿಂತ್ಲೂ ಚೆನ್ನಾಗಿ ಬಂದಿದೆ. ತಿರುಗಾ ಮುರುಗಾ ಮಾಡಿ ನೋಡ್ದೆ. ಪ್ರತಿ ಸಲಾನೂ ಹಿಂಗೇ."

"ಚೆನ್ನಾಗಿದೆ," ಎಂದರು ಯಶೋಧರಾ. ಹುಡುಗಿಯ ಬೆನ್ನು ತಟ್ಟಿದರು ಕೂಡ. ಆದರೆ ಮೇಲಿನ ಮಹಡಿಯ ತಮ್ಮ ಕೋಣೆಗೆ ಬಂದು ಕೂತಾಗ ಅವರೊಳಗೆ ಸಂತೋಷದ ಸುಳಿವಿರಲಿಲ್ಲ. ಇಷ್ಟು ವರ್ಷ ಅಳತೆ ಮಾಡುತ್ತ ಬಂದವರಿಗೆ ನಿಜವಾದ ಅಳತೆಯ ಮುಖ ಪರಿಚಯವಿತ್ತು. ಅದು ತಲೆ ಕೆದರಿಕೊಂಡು ಬರುತ್ತದೆ. ಒಂದು ಕಡೆ ಉಬ್ಬಿರುತ್ತದೆ, ಇನ್ನೊಂದು ಕಡೆ ಹರಿದಿರುತ್ತದೆ. ಇದು ಮದುವೆಗೆ ಹೊರಟ ಹಾಗೆ ಅಲಂಕಾರ ಮಾಡಿಕೊಂಡು ಬಂದಿತ್ತು.

ಭದ್ರಾವತಿ ರಸ್ತೆಯ ಆ ಸಂಶೋಧನಾ ಕೇಂದ್ರದಲ್ಲಿ ನೆಲಮಾಳಿಗೆಯ ಒಂದು ಪ್ರಯೋಗಾಲಯ ಯಶೋಧರಾ ಅವರ ಸುಪರ್ದಿಯಲ್ಲಿತ್ತು. ಅಲ್ಲಿ ಆಳೆತ್ತರದ ಉಕ್ಕಿನ ಯಂತ್ರವೊಂದು ಹಗಲೂ ರಾತ್ರಿ ಚುಕ್ಕು ಚುಕ್ಕು ಎನ್ನುತ್ತ ಹೀಲಿಯಂ ಅನಿಲವನ್ನು ತಣಿಸುತ್ತಿತ್ತು. ಅದರ ಹೊಟ್ಟೆಯೊಳಗೆ, ಇದಕ್ಕಿಂತ ಕೆಳಗೆ ಚಳಿಯೇ ಇಲ್ಲ ಎನ್ನುವ ಕಡೆಯ ಮಿತಿಗೆ ಒಂದು ಡಿಗ್ರಿಯೂ ದೂರವಿಲ್ಲದ ಜಾಗದಲ್ಲಿ, ಕಿರುಬೆರಳಿನ ಉಗುರಿನಷ್ಟಗಲದ ಒಂದು ಚಿಪ್ ಕೂತಿತ್ತು. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಲೋಹದ ಎಳೆ. ಎಳೆಯ ಎರಡು ತುದಿಗೂ ಇನ್ನೂ ತೆಳುವಾದ ಬಾಗಿಲು. ವಿದ್ಯುತ್ತು ಹರಿದರೆ ತಂತಿ ಬಿಸಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಅಷ್ಟು ಸಣ್ಣದರಲ್ಲಿ, ಅಷ್ಟು ಚಳಿಯಲ್ಲಿ, ಹದವಾಗಿ ಹರಿಸಿದರೆ ವಿದ್ಯುತ್ತು ತನ್ನ ಜೊತೆ ಬಿಸಿಯನ್ನೂ ಎತ್ತಿಕೊಂಡು ಆ ಬಾಗಿಲು ದಾಟಿ ಹೋಗುತ್ತದೆ, ಒಳಗೆ ಉಳಿದ ಎಲೆಕ್ಟ್ರಾನುಗಳು ಮತ್ತಷ್ಟು ತಣ್ಣಗಾಗುತ್ತವೆ. ಇಂಪನಾ ಐದು ವರ್ಷದಿಂದ ಬೆನ್ನು ಹತ್ತಿದ್ದು ಇದನ್ನೇ.

ಯಂತ್ರ ನೋಡಿಕೊಳ್ಳುವ ಚಂದ್ರುವಿಗೆ ಅವಳು ಇದನ್ನು ವಿವರಿಸುತ್ತಿದ್ದುದನ್ನು ಯಶೋಧರಾ ಒಮ್ಮೆ ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿದ್ದರು. "ಚಂದ್ರಣ್ಣ, ನಮ್ಮ ಭದ್ರಾವತಿ ಬಸ್ಸಲ್ಲಿ ಗಲಾಟೆ ಮಾಡೋರನ್ನೆಲ್ಲ ಮಾಚೇನಹಳ್ಳೀಲಿ ಇಳಿಸ್ಬಿಟ್ರೆ ಉಳಿದೋರು ತಣ್ಣಗೆ ಕೂತಿರ್ತಾರಲ್ವಾ? ಬಸ್ಸೇ ತಣ್ಣಗಾದಂಗೆ. ಅಷ್ಟೇ ಇದು."

"ಇಳಿದೋರು ಸುಮ್ನೆ ಬಿಡ್ತಾರಾ ಮಾರಾಯ್ತಿ?"

"ಅವ್ರ ಬಿಸಿ ಮಾಚೇನಹಳ್ಳಿಯೋರಿಗೆ. ನಮಗೇನು?"

ಆವತ್ತು ಯಶೋಧರಾ ಒಬ್ಬರೇ ನಕ್ಕಿದ್ದರು. ಆ ಹುಡುಗಿಯನ್ನು ಕಂಡರೆ ಅವರಿಗೆ ಅಕ್ಕರೆಯಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ ಶೇಷಪ್ಪನ ಮಗಳು, ಕ್ವಾರ್ಟರ್ಸಿನಲ್ಲಿ ಬೆಳೆದವಳು, ಒಂದು ದಿನವೂ ತಡಮಾಡದೆ ಬಸ್ಸು ಹಿಡಿದು ಬರುವವಳು. ಅಕ್ಕರೆ ಇದ್ದದ್ದರಿಂದಲೇ ಈಗ ಅನುಮಾನ ಹೆಚ್ಚು ಚುಚ್ಚುತ್ತಿತ್ತು.

ಅನುಮಾನಕ್ಕೆ ಹಳೆಯ ಬೇರೂ ಇತ್ತು. ಯಶೋಧರಾ ಚೆನ್ನೈನಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಜೊತೆಗಾರನೊಬ್ಬ ಅಂಕಿಗಳನ್ನು ಕೂತಲ್ಲೇ ಬರೆದು ಕೊಟ್ಟಿದ್ದ. ಪ್ರಬಂಧ ಅಚ್ಚಾಗಿ, ಹೊಗಳಿಸಿಕೊಂಡು, ಆಮೇಲೆ ಬಯಲಾಗಿ, ಹಿಂತೆಗೆದುಕೊಳ್ಳಬೇಕಾಗಿ ಬಂತು. ಅದರಲ್ಲಿ ಮೂರನೆಯ ಹೆಸರು ಯಶೋಧರಾ ಅವರದು. ಏನೂ ತಿಳಿಯದೆ ಸಹಿ ಹಾಕಿದ್ದವರು, ಆದರೆ ಆಮೇಲೆ ಹೋದ ಪ್ರತಿ ಸಂದರ್ಶನದಲ್ಲೂ ಯಾರಾದರೊಬ್ಬರು ಕನ್ನಡಕದ ಮೇಲಿನಿಂದ ನೋಡಿ ಆ ಪ್ರಶ್ನೆ ಕೇಳಿಯೇ ಕೇಳಿದ್ದರು. ಆ ನೋಟವನ್ನು ಅವರು ಇನ್ನೂ ಮರೆತಿರಲಿಲ್ಲ. ಯಾವಾಗಲೋ ಅದು ಅವರದೇ ನೋಟವೂ ಆಗಿಬಿಟ್ಟಿತ್ತು.

ಈಗ ಒಂದೊಂದೇ ಕಾಣತೊಡಗಿತು. ಇಂಪನಾ ಅಳತೆ ಮಾಡುವಾಗ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಟ್ಯೂಬ್‌ಲೈಟ್ ಆರಿಸಿ, ಪರದೆಯ ಬೆಳಕಿನಲ್ಲಿ ಕೂತಿರುತ್ತಾಳೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಬರುತ್ತಾಳೆ. ಚಂದ್ರುವನ್ನು ಏನಾದರೊಂದು ನೆಪ ಹೇಳಿ ಹೊರಗೆ ಕಳಿಸುತ್ತಾಳೆ. ಕೇಳಿದರೆ ಉತ್ತರವೇನೋ ಸಿದ್ಧವಿತ್ತು.

"ಸುತ್ತಮುತ್ತ ಏನೇ ಆನ್ ಆದ್ರೂ ಎಲೆಕ್ಟ್ರಾನ್ ಬಿಸಿ ಆಗ್ಬಿಡತ್ತೆ ಮೇಡಂ. ನೀವೇ ಹೇಳಿಕೊಟ್ಟಿದ್ದಲ್ವಾ?"

ಹೇಳಿಕೊಟ್ಟಿದ್ದು ಅವರೇ. ಮೊಬೈಲು ಬಾಗಿಲ ಹೊರಗಿನ ಡಬ್ಬಿಯಲ್ಲೇ ಇಡಬೇಕೆಂಬ ಕಾನೂನು ಮಾಡಿದ್ದೂ ಅವರೇ. ಅಂಥ ಸೂಕ್ಷ್ಮ ಎಳೆಗೆ ತಂತಿಯ ಗುಂಟ ಹರಿದು ಬರುವ ಚೂರು ವಿದ್ಯುತ್ ಗದ್ದಲವೂ, ಅವರು 'ನಾಯ್ಸ್' ಎನ್ನುವುದು, ಬೆಂಕಿಯೇ. ಹಾಗಿದ್ದೂ ಒಮ್ಮೆ ಅವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಾಗ ಹಳ್ಳಗಳ ಆಳ ಕಡಿಮೆಯಾಗಿ ಬಂತು. "ಪಕ್ಕದ ಕಟ್ಟಡದಲ್ಲಿ ವೆಲ್ಡಿಂಗ್ ನಡೀತಿದೆ ಮೇಡಂ, ಅದ್ಕೇ," ಎಂದಳು ಇಂಪನಾ. ವೆಲ್ಡಿಂಗ್ ನಡೆಯುತ್ತಿದ್ದದ್ದು ನಿಜ. ಆದರೆ ಯಶೋಧರಾ ಮೆಟ್ಟಿಲು ಹತ್ತುತ್ತ ಯೋಚಿಸಿದ್ದು ವೆಲ್ಡಿಂಗಿನ ಬಗ್ಗೆ ಅಲ್ಲ. ನಾನು ಕೂತರೆ ಬರುವುದಿಲ್ಲ, ಅವಳೊಬ್ಬಳೇ ಇದ್ದರೆ ಬರುತ್ತದೆ ಎಂದು.

ದೀಪಾವಳಿಗೆ ಸೀರೆ ತರಲು ಗಾಂಧಿ ಬಜಾರಿನ ತಮ್ಮನ ಜವಳಿ ಅಂಗಡಿಗೆ ಹೋದಾಗ, ಮಾತಿಗೆ ಮಾತು ಬಂದು, ಹೆಸರು ಹೇಳದೆ ಅವರು ವಿಷಯ ತೆಗೆದರು. ಪರಮೇಶ್ ಗಲ್ಲಾದ ಹಿಂದೆ ಕೂತು ನಕ್ಕ.

"ಅಕ್ಕ, ಭರೋಸ ಇಟ್ಕೊಂಡು ಯಾಪಾರ ಮಾಡಕ್ಕಾಗಲ್ಲ. ನೋಡು, ಅಲ್ಲಿ ಮೂಲೇಲಿ ಕಾಣ್ತದಲ್ಲ ಕ್ಯಾಮೆರಾ, ಅದು ಬಂದ ಮೇಲೆ ಒಂದು ಬ್ಲೌಸ್ ಪೀಸೂ ಕಮ್ಮಿ ಆಗಿಲ್ಲ. ಗೋಡೌನಿಗೆ ಅಂತ ತಂದಿದ್ದು ಇನ್ನೊಂದು ಹಂಗೇ ಬಿದ್ದದೆ. ಅಂಗೈಯಷ್ಟೂ ಇಲ್ಲ. ತಗೊಂಡೋಗು, ಕೆಲ್ಸ ಆದ ಮೇಲೆ ವಾಪಸ್ ಕೊಡು."

"ಛೇ, ಅದೆಲ್ಲಾ ಯಾಕೋ?"

"ತಪ್ಪಿಲ್ದಿದ್ರೆ ಅವರಿಗೇನು ನಷ್ಟ?" ಎಂದು ಅವನು ಡಬ್ಬಿಯನ್ನು ಸೀರೆಯ ಚೀಲಕ್ಕೇ ಹಾಕಿದ.

ಹಬ್ಬದ ರಜೆಯಲ್ಲಿ ಕೇಂದ್ರ ಖಾಲಿಯಿದ್ದಾಗ ಯಶೋಧರಾ ಒಬ್ಬರೇ ನೆಲಮಾಳಿಗೆಗೆ ಇಳಿದರು. ಹಳೆಯ ಉಪಕರಣಗಳಿದ್ದ, ತಾವೇ ಬೀಗ ಹಾಕಿಟ್ಟ ಉಕ್ಕಿನ ಅಲ್ಮೇರಾದ ಮೇಲೆ, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಕ್ಯಾಮೆರಾ ಇಟ್ಟರು. ಅದರೊಳಗಿನ ವೈ-ಫೈ ರೇಡಿಯೊ ಆರಿಸಲು ಮರೆಯಲಿಲ್ಲ. ಅದು ತರಂಗ ಬಿಡುತ್ತ ಕೂತರೆ ಪ್ರಯೋಗ ಕೆಡುತ್ತದೆಂದು ಅವರಿಗೆ ಗೊತ್ತಿರದೆ ಇರುತ್ತದೆಯೇ. ಚಿತ್ರ ಒಳಗಿನ ಕಾರ್ಡಿನಲ್ಲೇ ಉಳಿಯುವಂತೆ ಮಾಡಿದರು. ಚಾರ್ಜರಿನ ವಯರನ್ನು ಅಲ್ಮೇರಾದ ಹಿಂದೆ ಇಳಿಬಿಟ್ಟು, ಯಾರೂ ಬಳಸದ ಒಂದು ಸಾಕೆಟ್ಟಿಗೆ ಸಿಕ್ಕಿಸಿದರು. ಕೈ ಧೂಳಾಯಿತು. ಮೇಲೆ ಬಂದು ಎರಡೆರಡು ಸಲ ತೊಳೆದುಕೊಂಡರು.

ರಜೆ ಮುಗಿದು ಇಂಪನಾ ಕೆಲಸಕ್ಕೆ ಬಂದ ದಿನವೇ ಗೆರೆ ಇಳಿಯಲಿಲ್ಲ.

ಮಾರನೆಯ ದಿನವೂ ಇಳಿಯಲಿಲ್ಲ. ಆ ವಾರವೆಲ್ಲ, ಮುಂದಿನ ವಾರಗಳಲ್ಲೂ ಗೆರೆ ಬರಗಾಲದ ಬಯಲಿನ ಹಾಗೆ ಸಪಾಟಾಗಿ, ನಡುವೆ ಸ್ವಲ್ಪ ಉಬ್ಬಿಕೊಂಡು ಬಿದ್ದಿತ್ತು. ಎಲೆಕ್ಟ್ರಾನುಗಳು ತಣ್ಣಗಾಗುವುದಿರಲಿ, ಬಿಸಿಯಾಗುತ್ತಿದ್ದವು. ಇಂಪನಾ ಮೆಟ್ಟಿಲ ಮೇಲೆ ಎದುರಾದಾಗ ಮುಖ ಬಾಡಿತ್ತು.

"ಎಲ್ಲಿಂದಲೋ ನಾಯ್ಸ್ ಸೇರ್ಕೊಂಡಿದೆ ಮೇಡಂ. ಹೊಸದಾಗಿ ಏನೋ ಬಂದಿದೆ. ಕೇಬಲ್ ಎಲ್ಲಾ ಬದಲಾಯಿಸ್ದೆ, ಪಂಪ್ ಆಫ್ ಮಾಡಿ ನೋಡ್ದೆ, ಕಾಣೋ ಪ್ಲಗ್ ಎಲ್ಲಾ ಕಿತ್ತು ನೋಡ್ದೆ. ಏನೂ ಗೊತ್ತಾಗ್ತಿಲ್ಲ."

ಒಂದು ಕ್ಷಣ ಯಶೋಧರಾ ಅವರಿಗೆ ಅಲ್ಮೇರಾ ನೆನಪಾಗದೆ ಇರಲಿಲ್ಲ. ರೇಡಿಯೊ ಆರಿಸಿದ್ದೇನಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇನ್ನೊಂದು ಯೋಚನೆ, ಹೆಚ್ಚು ರುಚಿಯಾದದ್ದು, ಬಂದು ಅದನ್ನು ಮುಚ್ಚಿಹಾಕಿತು: ಕಣ್ಣು ಇಟ್ಟ ದಿನದಿಂದಲೇ ನಿಂತಿತಲ್ಲ! "ನೋಡು, ಹುಡುಕು," ಎಂದಷ್ಟೇ ಹೇಳಿ ಮೇಲೆ ಹೋದರು.

ಸಂಜೆ ಹುಡುಗಿ ಬಸ್ಸಿಗೆ ಹೋದ ಮೇಲೆ ಅವರು ಕಾರ್ಡು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದರು. ಮಂಕು ಬೆಳಕಿನಲ್ಲಿ ಇಂಪನಾ ಕೂತಿರುತ್ತಿದ್ದಳು. ಗುಂಡಿ ತಿರುಗಿಸುತ್ತಿದ್ದಳು. ಕಾಯುತ್ತಿದ್ದಳು. ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದಳು. ವೇಲು ತೆಗೆದು ಕುರ್ಚಿಗೆ ಹಾಕಿ, ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಒಂದು ದಿನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಎದ್ದು, ಮುಖ ಒರೆಸಿಕೊಂಡು, ಯಂತ್ರದ ಉಕ್ಕಿನ ಮೈಯನ್ನು ಎಮ್ಮೆಯ ಮೈ ಸವರಿದ ಹಾಗೆ ಸವರಿದಳು.

"ಯಾರದು ಯಶು?" ಹಿಂದಿನಿಂದ ಗಂಡ ಕೇಳಿದರು.

"ಏನಿಲ್ಲ, ಆಫೀಸಿಂದು," ಎಂದು ಅವರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಇನ್ನು ಸಾಕು, ನಾಳೆ ತೆಗೆದುಬಿಡಬೇಕು ಎಂದುಕೊಂಡರು. ಆದರೆ ಅದೇ ಹೊತ್ತಿಗೆ ಪರದೆಯಲ್ಲಿ ಇಂಪನಾ ತಲೆಯೆತ್ತಿ ನೇರವಾಗಿ ಕ್ಯಾಮೆರಾದತ್ತ ನೋಡಿದಳು. ಸುಮ್ಮನೆ ಒಂದು ಸಲ ಕಣ್ಣು ಹಾಯಿಸಿದ್ದಲ್ಲ. ಕತ್ತು ವಾಲಿಸಿಕೊಂಡು, ಉಸಿರು ಬಿಗಿಹಿಡಿದು, ಬಹಳ ಹೊತ್ತು ನೋಡಿದಳು. ಮತ್ತೆ ಏನೂ ಆಗದವಳಂತೆ ಕೆಲಸಕ್ಕೆ ತಿರುಗಿದಳು.

ಗೊತ್ತಾಗಿದೆ ಇವಳಿಗೆ, ಎಂದುಕೊಂಡರು ಯಶೋಧರಾ. ಗೊತ್ತಿದ್ದೂ ಹೇಳುತ್ತಿಲ್ಲ. ಅದಕ್ಕೇ ಈಗ ಅಂಕಿ ತಿದ್ದುತ್ತಿಲ್ಲ. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂತಿತು. ಎಷ್ಟು ಸರಿಯಾಗಿ ಎಂದರೆ, ಆವತ್ತಿನ ಆ ನೀಲಿ ಗೆರೆಯ ಎರಡು ಹಳ್ಳಗಳ ಹಾಗೆ. ಅದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಮಾರನೆಯ ದಿನ ಇಂಪನಾಳನ್ನು ತಮ್ಮ ಕೋಣೆಗೆ ಕರೆಸಿದರು.

"ಆಗ ಬಂದಿದ್ದ ರೀಡಿಂಗ್ ಈಗ ಯಾಕೆ ಬರ್ತಿಲ್ಲ?"

"ಅದೇ ಮೇಡಂ, ನಾಯ್ಸ್..."

"ನಾಯ್ಸ್ ವಿಷಯ ಬಿಡು. ಆಗಿನದು ಎಲ್ಲಿಂದ ಬಂತು, ಅದನ್ನ ಹೇಳು."

ಇಂಪನಾಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಿಂತಲ್ಲೇ ನಿಂತಿದ್ದಳು. ಕೂರು ಎಂದು ಯಶೋಧರಾ ಹೇಳಿರಲಿಲ್ಲ.

"ನಾನು ಬರ್ಕೊಂಡು ತಂದೆ ಅಂತೀರಾ?"

"ನಾನು ಏನೂ ಅಂತಿಲ್ಲ. ಕೇಳ್ತಿದೀನಿ. ನೀನು ಈಗ ಹೇಳಿದ್ರೆ ಇಲ್ಲಿಗೇ ಮುಗಿಸಬೌದು."

"ಏನ್ ಹೇಳ್ಲಿ ಮೇಡಂ?" ಹುಡುಗಿಯ ಕಣ್ಣು ಕೆಳಗಿಳಿಯಲಿಲ್ಲ. "ಬರ್ಕೊಂಡು ತರೋಳಾಗಿದ್ರೆ ಈ ಮೂರು ವಾರಾನೂ ಬರ್ಕೊಂಡು ತರ್ತಿದ್ದೆ. ಯಾಕೆ ಅಳ್ತಾ ಕೂರ್ತಿದ್ದೆ?"

ನೀನು ಯಾರು ನೋಡಲಿ ಎಂದು ಅಳುತ್ತಿದ್ದೆಯೋ ನನಗೆ ಗೊತ್ತು, ಎಂಬ ಮಾತು ಯಶೋಧರಾ ಅವರ ನಾಲಿಗೆಯ ತನಕ ಬಂತು. ನುಂಗಿಕೊಂಡರು. ಇಂಪನಾ ಬ್ಯಾಗಿನಿಂದ ಪ್ರಯೋಗಾಲಯದ ಕೀಲಿ ತೆಗೆದು, ಶಬ್ದವಾಗದಂತೆ ಮೇಜಿನ ಮೇಲಿಟ್ಟು ಹೊರಗೆ ಹೋದಳು. ಆ ಸಂಜೆಯೇ ಯಶೋಧರಾ ಅವಳ ಫೆಲೋಶಿಪ್ ಸಮಿತಿಗೆ ಮೇಲ್ ಕಳಿಸಿದರು. ಕಠೋರವಾಗಿ ಏನೂ ಬರೆಯಲಿಲ್ಲ. ಫಲಿತಾಂಶಗಳ ಸಾಚಾತನದ ಬಗ್ಗೆ ತಮಗೆ ಅನುಮಾನವಿದೆ ಎಂದಷ್ಟೇ. ಅಷ್ಟು ಸಾಕಾಯಿತು. ಸಮಿತಿ ಫೆಲೋಶಿಪ್ಪನ್ನು ತಡೆಹಿಡಿಯಿತು.

ಡಿಸೆಂಬರ್ ಕಳೆಯುತ್ತ ಬಂದಾಗ ಪರಮೇಶ್ ಫೋನ್ ಮಾಡಿದ. ಸಂಕ್ರಾಂತಿ ಸೇಲ್ ಶುರುವಾಗುತ್ತದೆ, ಗೋಡೌನಿಗೆ ಕ್ಯಾಮೆರಾ ಬೇಕು ಎಂದ. "ಕಳ್ಳ ಸಿಕ್ಕಿದ್ನಾ ಅಕ್ಕ?" ಎಂದು ಕೇಳಿದ. "ಸಿಕ್ಕಿದ ಹಂಗೇ," ಎಂದರು ಅವರು.

ಯಂತ್ರವನ್ನು ನಿಲ್ಲಿಸಿ ಬೆಚ್ಚಗೆ ಮಾಡುವುದೆಂದು ಚಂದ್ರುವಿಗೆ ಆಗಲೇ ಹೇಳಿಯಾಗಿತ್ತು. ಯಶೋಧರಾ ಕ್ಯಾಮೆರಾವನ್ನೂ ಅದರ ಚಾರ್ಜರನ್ನೂ ಕಿತ್ತು ಕೈಚೀಲಕ್ಕೆ ಹಾಕಿಕೊಂಡರು. ಹೇಗೂ ನಿಲ್ಲಿಸುವುದೇ ಇದೆ, ಕಡೆಯದಾಗಿ ಒಂದು ಸಲ ತಾವೇ ನೋಡೋಣವೆಂದು ಇಂಪನಾಳ ಕುರ್ಚಿಯಲ್ಲಿ ಕೂತು ಅಳತೆ ಶುರುಮಾಡಿದರು. ಪರದೆಯ ಮೇಲೆ ಚುಕ್ಕಿಯೊಂದು ಎಡಗಡೆಯಿಂದ ತೆವಳುತ್ತ ಹೊರಟಿತು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಾಕಿಕೊಂಡು ನೋಡಿದಾಗ ಚುಕ್ಕಿ ಇಳಿಯತೊಡಗಿತ್ತು.

ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ದಿಣ್ಣೆ ಹತ್ತಿ ಮತ್ತೆ ಇಳಿಯಿತು. ಎರಡೂ ಹಳ್ಳದ್ದು ಒಂದೇ ಆಳ.

ಅವರ ಮೊದಲ ಯೋಚನೆ ಆಗಲೂ ಅನುಮಾನವೇ: ಕಂಪ್ಯೂಟರಿನಲ್ಲಿ ಏನೋ ಇಟ್ಟುಹೋಗಿದ್ದಾಳೆ. ಇಂಪನಾಳ ಕಂಪ್ಯೂಟರನ್ನೇ ಬದಿಗೆ ಸರಿಸಿ, ಉಪಕರಣದ ಮುಳ್ಳನ್ನು ಕಣ್ಣಾರೆ ನೋಡಿ, ಕೈಯಾರೆ ಬರೆದುಕೊಂಡರು. ಹಳ್ಳ ಹೋಗಲಿಲ್ಲ. ಆಗ ಅವರ ಕಣ್ಣು ಪಕ್ಕದ ಸ್ಟೂಲಿನ ಮೇಲಿದ್ದ ತಮ್ಮ ಕೈಚೀಲದ ಮೇಲೆ ಬಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. ಎದ್ದು, ಬರಿಯ ಚಾರ್ಜರನ್ನು ಮಾತ್ರ, ಕ್ಯಾಮೆರಾ ಇಲ್ಲದೆ, ಅಲ್ಮೇರಾದ ಹಿಂದಿನ ಸಾಕೆಟ್ಟಿಗೆ ಸಿಕ್ಕಿಸಿದರು. ಮುಳ್ಳು ನಡುಗಿ ಮೇಲಕ್ಕೆ ಹತ್ತಿತು. ಕಿತ್ತರು, ಇಳಿಯಿತು. ಸಿಕ್ಕಿಸಿದರು, ಹತ್ತಿತು. ಅಂಗಡಿಯಲ್ಲಿ ಸಿಗುವ ಅಗ್ಗದ ಚಾರ್ಜರು. ರೇಡಿಯೊ ಆರಿಸಿದ ಜಾಣರಿಗೆ ಇದು ಹೊಳೆದಿರಲಿಲ್ಲ. ಅದರ ಗಿಜಿಗಿಜಿ ಗೋಡೆಯೊಳಗಿನ ತಂತಿಯ ಗುಂಟ ಹೋಗಿ, ಉಪಕರಣಗಳನ್ನು ಹೊಕ್ಕು, ಯಂತ್ರದ ಹೊಟ್ಟೆಗಿಳಿದು, ಆ ಕಣ್ಣಿಗೆ ಕಾಣದ ಎಳೆಯನ್ನು ಸುಡುತ್ತಿತ್ತು.

"ಯಾವ ಚಾರ್ಜರ್ ಮೇಡಂ ಅದು?" ಬಾಗಿಲಲ್ಲಿ ನಿಂತಿದ್ದ ಚಂದ್ರು ಕೇಳಿದ.

"ನನ್ನ ಫೋನಿಂದು," ಎಂದರು ಯಶೋಧರಾ.

ಅವನು ಅಲ್ಮೇರಾ ನೋಡಿದ, ಅವರನ್ನು ನೋಡಿದ. "ಆ ಅಲ್ಮೇರಾ ಮೇಲೆ ಹಲ್ಲಿ ಸೇರ್ಕೊಂಡಿತ್ತು. ಇಂಪನಾ ಮೇಡಮ್ಮಿಗೆ ಹಲ್ಲಿ ಅಂದ್ರೆ ಪ್ರಾಣ ಹೋಗೋದು. ಮೇಲೇ ನೋಡ್ತಾ ಕೂತಿರೋರು, ಓಡಿಸಿ ಓಡಿಸಿ ಅಂತಿದ್ರು, ನಾನೇ ನಾಳೆ ನಾಳೆ ಅಂತ ಹಂಗೇ ಬಿಟ್ಟೆ," ಎಂದ. "ಮಷೀನ್ ನಿಲ್ಲಿಸ್ಲಾ?"

"ಬೇಡ," ಎಂದರು ಅವರು.

ಆದರೂ ಭದ್ರಾವತಿಗೆ ಹೊರಡಲು ಅವರಿಗೆ ದಿನಗಳೇ ಬೇಕಾದವು. ಏನು ಹೇಳಬೇಕೆಂದು ಕಾರಿನಲ್ಲಿ ಕೂತು ಹೊಂದಿಸಿಕೊಂಡಿದ್ದರು. ನಾಯ್ಸ್ ಸಿಕ್ಕಿತು, ನಿನ್ನ ಅಳತೆ ಸರಿಯಿತ್ತು, ಬಾ. ಅಷ್ಟೇ ಸಾಕು. ಉಳಿದದ್ದು ಯಾಕೆ? ಸೇತುವೆ ದಾಟಿ, ಕ್ವಾರ್ಟರ್ಸಿನ ಸಾಲುಮನೆಗಳ ನಡುವೆ ವಿಳಾಸ ಕೇಳುತ್ತ ಹೋದಾಗ ಪಕ್ಕದ ಮನೆಯ ತಮಿಳು ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದವಳು ನಿಂತು ನೋಡಿದಳು. "ಹಾಲಮ್ಮಕ್ಕಾ, ಯಾರೋ ಟೀಚರ್ ಬಂದಿದಾರೆ, ಪಾರು, ನೋಡು," ಎಂದು ಕೂಗಿ ಹೇಳಿದಳು.

ಇಂಪನಾಳ ತಾಯಿ ಹಾಲಮ್ಮ ಬಾಗಿಲು ಪೂರ್ತಿ ತೆರೆಯಲಿಲ್ಲ. ಮಗಳು ಹಿಂದಿನಿಂದ ಬಂದು "ಬಿಡಮ್ಮ" ಎಂದ ಮೇಲೆ ದಾರಿ ಬಿಟ್ಟು ಅಡುಗೆಮನೆಗೆ ಹೋದರು. ಶೇಷಪ್ಪ ಮನೆಯಲ್ಲಿರಲಿಲ್ಲ. ಕಾರ್ಖಾನೆಯ ಕೆಲಸ ಹೋದ ಮೇಲೆ ಎಲ್ಲೋ ಸೆಕ್ಯುರಿಟಿ ಡ್ಯೂಟಿಗೆ ಹೋಗುತ್ತಿದ್ದರು. ಇಂಪನಾ ಈಗ ಟ್ಯೂಷನ್ ಹೇಳುತ್ತಿದ್ದಳು. ಗೋಡೆಗೆ ಒರಗಿಸಿದ್ದ ಕರಿಹಲಗೆಯ ಮೇಲೆ ಅರ್ಧ ಅಳಿಸಿದ ಲೆಕ್ಕವಿತ್ತು.

"ನಿನ್ನ ರೀಡಿಂಗ್ ಸರಿ ಇತ್ತು ಇಂಪನಾ," ಎಂದರು ಯಶೋಧರಾ. "ನಾನೇ ಕೂತು ಮಾಡ್ದೆ. ಅಷ್ಟೇ ಆಳ ಬಂತು."

ಹುಡುಗಿಯ ಕಣ್ಣು ಒಮ್ಮೆ ಮಿಂಚಿತು. ಮಿಂಚಿದ್ದು ಅಲ್ಲೇ ಆರಿತು. "ನಾಯ್ಸ್ ಎಲ್ಲಿಂದ ಬರ್ತಿತ್ತು?"

"ಅಲ್ಮೇರಾ ಹಿಂದಿನ ಸಾಕೆಟ್ಟಲ್ಲಿ ಒಂದು ಚಾರ್ಜರ್ ಇತ್ತು."

"ಅಲ್ಲಿ ಚಾರ್ಜರ್ ಇರ್ಲಿಲ್ಲ ಮೇಡಂ. ದಸರಾ ಟೈಮಲ್ಲಿ ನಾನೇ ಟಾರ್ಚ್ ಬಿಟ್ಟು ನೋಡಿದೀನಿ. ಆಮೇಲೆ ಬಂದಿರಬೇಕು." ಅವಳು ಲೆಕ್ಕ ಬಿಡಿಸುವವಳ ಹಾಗೆ ನಿಧಾನವಾಗಿ ಮಾತಾಡುತ್ತಿದ್ದಳು. "ಯಾವುದರ ಚಾರ್ಜರ್?"

ಚಂದ್ರುವಿಗೆ ಹೇಳಿದ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಫೋನಿಂದು ಎಂದರೆ ಮುಗಿಯುತ್ತಿತ್ತು. ಆದರೆ ಎದುರಿಗಿದ್ದವಳು ಅವರು ಕೈಹಿಡಿದು ಕಲಿಸಿದವಳು. ಒಂದು ಅಂಕಿ ಹೊಂದದಿದ್ದರೆ ಹೊಂದುವ ತನಕ ಬಿಡುವವಳಲ್ಲ.

"ಕ್ಯಾಮೆರಾದ್ದು," ಎಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಎಲ್ಲಿ ಇಟ್ಟಿದ್ರಿ?"

"ಮೇಲೆ. ಪೆಟ್ಟಿಗೆ ಮಧ್ಯೆ."

"ನಾನು ಅಲ್ಲೇ ತಲೆ ಬಾಚ್ಕೊಳ್ತಿದ್ದೆ," ಎಂದಳು ಇಂಪನಾ. ತನಗೆ ತಾನೇ ಹೇಳಿಕೊಳ್ಳುತ್ತಿದ್ದಂತೆ. "ಬಸ್ಸಿಳಿದು ಬಂದು ಅಲ್ಲೇ ಬಟ್ಟೆ ಸರಿ ಮಾಡ್ಕೊಳ್ತಿದ್ದೆ. ಚಿಲಕ ಹಾಕಿದೀನಲ್ಲ ಅಂತ." ಆಮೇಲೆ ಕೇಳಿದಳು, "ಯಾರ್ಯಾರು ನೋಡಿದಾರೆ?"

"ನಾನೊಬ್ಬಳೇ. ಆಣೆಗೂ ನಾನೊಬ್ಬಳೇ. ಇಗೋ, ಕಾರ್ಡ್ ತಂದಿದೀನಿ. ಬೇರೆ ಕಾಪಿ ಇಲ್ಲ."

"ಅದನ್ನ ಹೆಂಗೆ ನಂಬ್ಲಿ ಮೇಡಂ?"

ಅವಳು ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ಯಶೋಧರಾ ಕಾರ್ಡನ್ನು ಟೀಪಾಯಿಯ ಮೇಲಿಟ್ಟರು. ಹಾಲಮ್ಮ ಹೊರಗೆ ಬಂದು, ಟೀಪಾಯಿಯ ಮೇಲಿದ್ದ ಆ ಉಗುರಿನಗಲದ ಕಾರ್ಡನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ಬಚ್ಚಲ ಒಲೆಯಲ್ಲಿ ಸೌದೆ ಮುಂದೆ ತಳ್ಳಿದ ಸದ್ದಾಯಿತು. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ಒಳಗೆ ಬಂತು.

"ಸಮಿತಿಗೆ ಮೇಲ್ ಬರೀತೀನಿ," ಎಂದರು ಯಶೋಧರಾ. "ತಪ್ಪು ನನ್ನದು ಅಂತ."

"ಈಗ್ಲೇ ಬರೀರಿ. ಇಲ್ಲೇ." ಇಂಪನಾ ಎದ್ದು ಬಂದು ಅವರ ಹೆಗಲ ಹಿಂದೆ ನಿಂತಳು. ಫೋನಿನಲ್ಲಿ ಒಂದೊಂದೇ ಸಾಲು ಮೂಡುವುದನ್ನು ಓದುತ್ತಿದ್ದಳು. ಮುಗಿಸಿ ಕಳಿಸುವುದಕ್ಕೆ ಬೆರಳಿಟ್ಟಾಗ, "ಕ್ಯಾಮೆರಾ ಅಂತಲೂ ಬರೀರಿ," ಎಂದಳು.

ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಯಶೋಧರಾ ಅವರ ಬೆರಳು ನಿಂತೇ ಇತ್ತು. ಹೊರಗೆ ತಮಿಳು ಹೆಂಗಸು ಬಟ್ಟೆ ಕೊಡವುತ್ತಿದ್ದ ಶಬ್ದ ಕೇಳುತ್ತಿತ್ತು. ಆಮೇಲೆ ಅವರು ಆ ಸಾಲನ್ನೂ ಸೇರಿಸಿ ಕಳಿಸಿದರು.

ಆಗಬೇಕಾದ್ದು ಆಯಿತು. ಕೇಂದ್ರದ ನಿರ್ದೇಶಕರು ವಿಚಾರಣೆಗೆ ಮೂವರನ್ನು ನೇಮಿಸಿದರು. ಅದು ಮುಗಿಯುವ ತನಕ ಇಂಪನಾ ಕೆಲಸದಲ್ಲಿರುವಾಗ ಯಶೋಧರಾ ಪ್ರಯೋಗಾಲಯದ ಒಳಗೆ ಕಾಲಿಡಬಾರದೆಂದು ಆದೇಶ ಬಂತು. ಇಂಪನಾಳ ಫೆಲೋಶಿಪ್ಪು ಮರಳಿತು. ಹುಡುಗಿ ಬರುತ್ತಾಳೋ ಇಲ್ಲವೋ ಎಂದು ಯಶೋಧರಾ ಕಾದರು. ಸಂಕ್ರಾಂತಿ ಕಳೆದ ಸೋಮವಾರ ಬಂದಳು. ಒಬ್ಬಳೇ ಬರಲಿಲ್ಲ.

ಹಾಲಮ್ಮ ನೆಲಮಾಳಿಗೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದು, ಪ್ರಯೋಗಾಲಯದೊಳಗೆ ಹೋಗಿ, ಮೇಲೆ ಕೆಳಗೆ ಮೂಲೆ ಮುಡುಕೆಲ್ಲ ಕಣ್ಣಾಡಿಸಿ ಬಂದರು. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತರು. ಚೀಲದಿಂದ ಸೊಗಡಿನ ಅವರೆಕಾಯಿ ತೆಗೆದು, ಮಡಿಲಲ್ಲಿ ಸ್ಟೀಲ್ ತಟ್ಟೆ ಇಟ್ಟುಕೊಂಡು ಬಿಡಿಸತೊಡಗಿದರು. ಸಂಜೆಯ ತನಕ ಕದಲುವವರಂತೆ ಕಾಣಲಿಲ್ಲ.

ಯಶೋಧರಾ ಇಳಿದು ಬಂದು ಬಾಗಿಲಿನ ಮುಂದೆ ನಿಂತರು. ಒಳಗೆ ಯಂತ್ರ ಚುಕ್ಕು ಚುಕ್ಕು ಎನ್ನುತ್ತಿತ್ತು. ಹಿಂತಿರುಗಿ ಹೋಗಲೂ ಮನಸ್ಸಾಗದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಹಾಲಮ್ಮ ತಲೆಯೆತ್ತಲಿಲ್ಲ. ಇಬ್ಬರ ನಡುವೆ ಅವರೆಕಾಯಿಯ ಚೀಲ ಬಾಯಿ ತೆರೆದುಕೊಂಡು ಕೂತಿತ್ತು.

"ಕಾಯಿ ಚೆನ್ನಾಗಿದೆ," ಎಂದರು ಯಶೋಧರಾ.

"ಹೂಂ."

ಯಶೋಧರಾ ಒಂದು ಹಿಡಿ ಕಾಯಿ ಎತ್ತಿಕೊಂಡರು. ಬೇಡವೆಂದು ಹಾಲಮ್ಮ ಹೇಳಲಿಲ್ಲ. ಮಡಿಲಿನ ತಟ್ಟೆಯನ್ನು ತೆಗೆದು ಬೆಂಚಿನ ನಡುವೆ ಇಟ್ಟರು. ಯಶೋಧರಾ ಬಿಡಿಸಿದ ಕಾಳನ್ನು ತಟ್ಟೆಗೆ ಹಾಕಿದರು. ಹಾಲಮ್ಮ ತಮ್ಮ ಕೆಲಸ ನಿಲ್ಲಿಸಿ, ಅವರು ಹಾಕಿದ ಕಾಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡತೊಡಗಿದರು. ಎರಡನ್ನು ತಟ್ಟೆಗೆ ವಾಪಸು ಹಾಕಿದರು. ಮೂರನೆಯದರಲ್ಲಿ ಹುಳುವಿನ ತೂತು ಕಂಡಿತು. ಅದನ್ನು ಸಿಪ್ಪೆಯ ಗುಡ್ಡೆಗೆ ಎಸೆದು, ಮುಂದಿನದಕ್ಕೆ ಕೈ ಚಾಚಿದರು.